ಈಗಷ್ಟೇ ಕುಡಿದು ಬಂದೆ

(ಹೊಳಲಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಅನಂತಶಯನನ ಕತೆಯನ್ನು ಹೊಳಲಿಗೆ ಬಂದು ಹೇಳುವುದೆಂದರೆ ಕಮ್ಮಾರನ ಕೇರಿಯಲ್ಲಿ ಸೂಜಿ ಮಾರಿದ ಹಾಗೆ. ಆದರೂ ಮಾರುತ್ತೇನೆ, ನನಗೆ ಅದರಿಂದ ಕೆಲಸವಿದೆ. ಕೃಷ್ಣದೇವರಾಯ ಹೊಸಪೇಟೆಯ ಪಕ್ಕದಲ್ಲಿ ಮಗ ತಿರುಮಲರಾಯನ ಹೆಸರಿಗೆ ಊರು ಮಾಡಿ, 1524ರಲ್ಲಿ ಅಲ್ಲೊಂದು ದೊಡ್ಡ ಗುಡಿ ಕಟ್ಟಿಸಿದ. ಆ ಗುಡಿಗೆ ದೇವರು ರಾಜನ ಹಿಂದೆ ನಡೆದು ಬರಲು ಒಪ್ಪಿದ್ದ, ರಾಜ ಹಿಂತಿರುಗಿ ನೋಡಬಾರದೆಂಬುದೊಂದೇ ಕರಾರು. ಹೊಳಲಿನ ಹತ್ತಿರ ರಾಜನ ಮನಸ್ಸು ತಡೆಯಲಿಲ್ಲ, ತಿರುಗಿ ನೋಡಿದ. ದೇವರು ಇಲ್ಲೇ ಮಲಗಿಬಿಟ್ಟ. ಅಲ್ಲಿ ಅನಂತಶಯನಗುಡಿಯ ಗರ್ಭಗುಡಿಯಲ್ಲಿ ಉದ್ದನೆಯ ಪೀಠ ಇವತ್ತಿಗೂ ಖಾಲಿ, ಇಲ್ಲಿ ದೇವರು ಆರಾಮಾಗಿ ಒರಗಿದ್ದಾನೆ.

ನಾನು ಓದಿಕೊಂಡು ಬೆಳೆದ ಬೈಬಲಿನಲ್ಲೂ ಹಿಂತಿರುಗಿ ನೋಡಿದವಳ ಒಂದು ಕತೆಯಿದೆ. ಊರು ಬಿಟ್ಟು ಓಡುವಾಗ ಲೋಟನ ಹೆಂಡತಿ ತಿರುಗಿ ನೋಡಿದಳು, ಉಪ್ಪಿನ ಕಂಬವಾದಳು. ಸಂಡೇ ಸ್ಕೂಲಿನಲ್ಲಿ ಇದನ್ನು ಕೇಳಿದಾಗ ನನಗೆ ಅವಳ ಬಗ್ಗೆ ಪಾಪ ಅನ್ನಿಸಿತ್ತು. ಬಿಟ್ಟುಬಂದ ಮನೆಯನ್ನು ಒಂದು ಸಲ ನೋಡಿದ್ದೇ ತಪ್ಪಾಯಿತೆ? ಮುಂದೆ ನಿಮ್ಮ ಊರಿನ ಕತೆ ಕೇಳಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಇಲ್ಲಿ ತಿರುಗಿ ನೋಡಿದ್ದರಿಂದ ಯಾರೂ ಕಲ್ಲಾಗಲಿಲ್ಲ, ಉಪ್ಪಾಗಲಿಲ್ಲ. ಒಂದು ಊರಿಗೆ ದೇವರು ಸಿಕ್ಕ.

ಇವತ್ತು ನಾನು ಹೇಳಬೇಕೆಂದಿರುವುದು ಬಿಟ್ಟುಹೋದ ಮನೆತನದವರೊಬ್ಬರು ಹಿಂತಿರುಗಿ ನೋಡಿದ ಸಂಗತಿಯನ್ನು. ಅವರ ಹಿರಿಯರ ಊರು ಇದೇ ಹಡಗಲಿ ತಾಲೂಕಿನ ಉತ್ತಂಗಿ. ಹೆಸರು ಹೇಳುವ ಮೊದಲೇ ಹಿರಿಯರು ತಲೆದೂಗುತ್ತಿದ್ದೀರಿ. ರೆವರೆಂಡ್ ಉತ್ತಂಗಿ ಚನ್ನಪ್ಪ.

ಅದಕ್ಕೆ ಮುಂಚೆ ಒಂದು ಮಾತು. 'ನೀವು ಯಾವ ಪೈಕಿ?' ಎಂಬ ಪ್ರಶ್ನೆ ನಮ್ಮ ಕಡೆ ಬಾಡಿಗೆ ಮನೆ ಕೇಳುವಾಗ, ಬಸ್ಸಿನಲ್ಲಿ ಪಕ್ಕ ಕೂತಾಗ, ಕನ್ಯೆ ನೋಡುವಾಗ, ಸತ್ತವರನ್ನು ಎಲ್ಲಿ ಮಣ್ಣು ಮಾಡಬೇಕೆಂದು ಕೇಳುವಾಗ ತಪ್ಪದೆ ಬರುತ್ತದೆ. ಬಸವಣ್ಣನವರ 'ಇವನಾರವ' ಎಂಬ ಆ ಪ್ರಸಿದ್ಧ ವಚನ ಇಲ್ಲಿರುವ ಎಲ್ಲರಿಗೂ ಬಾಯಿಪಾಠ, ಆದ್ದರಿಂದ ನಾನು ಪೂರ್ತಿ ಹೇಳುವುದಿಲ್ಲ. ವಚನ ಬಾಯಿಪಾಠ ಇರುವ ಬಾಯಿಂದಲೇ ಈ ಪ್ರಶ್ನೆಯೂ ಬರುತ್ತದಲ್ಲ, ನನ್ನ ಆಶ್ಚರ್ಯ ಅಷ್ಟೇ.

ಸರ್ಕಾರಕ್ಕೂ ನಾವು ಯಾರವರು ಎಂಬುದು ಒಂದು ಕಾಗದದ ವಿಷಯ. ತುಂಗಭದ್ರಾ ಹೊಳೆಯ ಈ ದಡ ಮದ್ರಾಸ್ ಪ್ರಾಂತ, ಆ ದಡ ಮುಂಬೈ ಪ್ರಾಂತ ಎಂದು ಕುಂಪಣಿಯವರು ಗೆರೆ ಎಳೆದರು. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಬಂತು. ನಮ್ಮ ಹರಪನಹಳ್ಳಿಯವರ ಪಾಡಂತೂ ಕೇಳಬೇಡಿ. 1997ರಲ್ಲಿ ದಾವಣಗೆರೆಯವರಾದರು, 2018ರಲ್ಲಿ ಮತ್ತೆ ಬಳ್ಳಾರಿಯವರಾದರು, 2021ರಲ್ಲಿ ವಿಜಯನಗರದವರಾದರು. ಮನೆ ಬಿಟ್ಟು ಕದಲದೆ ಮೂರು ಸಲ ಊರು ಬದಲಿಸಿದ ಜನ! ಇಂಥ ಬದಲಾವಣೆಯಲ್ಲಿ ನೋವಿಲ್ಲ. ವಿಳಾಸ ಬರೆಯುವಾಗ ಒಂದು ಸಾಲು ತಿದ್ದಿದರೆ ಸಾಕು. ಮನುಷ್ಯ ಮನುಷ್ಯನನ್ನು ಹೊರಗಿಡುವ ಗೆರೆಗೆ ಗೆಜೆಟ್ ಆದೇಶ ಬೇಕಿಲ್ಲ. ಅದು ಲೋಟದಲ್ಲಿರುತ್ತದೆ.

ಲೋಟ ಎಂದೆ. ಅಲ್ಲಿಂದಲೇ ಶುರು ಮಾಡೋಣ.

ನಮ್ಮ ಸೀಮೆಯ ಜನ ದೇವರ ವಿಷಯದಲ್ಲಿ ಬಹಳ ಉದಾರಿಗಳು. ಮೈಲಾರಕ್ಕೆ ಯಾರು ಹೋಗುವುದಿಲ್ಲ? ಕೊಟ್ಟೂರೇಶ್ವರನ ತೇರಿಗೆ ಯಾರು ಉತ್ತತ್ತಿ ಎಸೆಯುವುದಿಲ್ಲ? ಮುಸಲ್ಮಾನರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಮೊಹರಮ್ಮಿನ ಪೀರಲ ದೇವರು ಕೂರುತ್ತವೆ, ಅಲಾಯಿ ಕುಣಿತ ನಡೆಯುತ್ತದೆ. ಹೊರಗಿನ ಪಂಡಿತರು ಬಂದು ಇದನ್ನು ನೋಡಿ ಸೌಹಾರ್ದ ಎಂದು ಬರೆದುಕೊಂಡು ಹೋಗುತ್ತಾರೆ. ಸುಳ್ಳಲ್ಲ. ಆದರೆ ದೇವರನ್ನು ಹಂಚಿಕೊಂಡ ಊರೇ ಬಾವಿಯನ್ನು ಹಂಚಿಕೊಳ್ಳಲಿಲ್ಲ. ಅಲಾಯಿ ಕುಣಿಯ ಸುತ್ತ ಒಟ್ಟಿಗೆ ಕುಣಿದವರು ಹೋಟೆಲಿನಲ್ಲಿ ಬೇರೆ ಬೇರೆ ಲೋಟದಲ್ಲಿ ಚಾ ಕುಡಿದರು. ನಮ್ಮ ಸಂಕುಚಿತತನ ದೇವರ ಹೆಸರಿನಲ್ಲಿ ಇದ್ದದ್ದಕ್ಕಿಂತ ಗಡಿಗೆಯಲ್ಲಿ, ತಟ್ಟೆಯಲ್ಲಿ, ಲೋಟದಲ್ಲಿ ಇದ್ದದ್ದೇ ಹೆಚ್ಚು.

ಕ್ರಿಸ್ತನ ಕತೆ ನನಗೆ ಮುಖ್ಯವಾಗುವುದು ಈ ಜಾಗದಲ್ಲಿ. ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯ. ನಡು ಮಧ್ಯಾಹ್ನ, ನಡೆದು ದಣಿದ ಯೇಸು ಸಮಾರ್ಯದ ಒಂದು ಬಾವಿಯ ಬಳಿ ಕೂತಿದ್ದಾನೆ. ಸಮಾರ್ಯದವರೆಂದರೆ ಯೆಹೂದ್ಯರಿಗೆ ಆಗದು, ಅವರ ಪಾತ್ರೆ ಮುಟ್ಟುವುದಿಲ್ಲ. ಒಬ್ಬಳು ಹೆಂಗಸು ನೀರಿಗೆ ಬರುತ್ತಾಳೆ. ಊರ ಹೆಂಗಸರೆಲ್ಲ ಬೆಳಗ್ಗೆಯೋ ಸಂಜೆಯೋ ತಂಪು ಹೊತ್ತಿನಲ್ಲಿ ಬರುವಾಗ ಇವಳು ಬಿಸಿಲಲ್ಲಿ ಒಬ್ಬಳೇ ಏಕೆ ಬಂದಳು ಎಂದು ಹಳ್ಳಿಯಲ್ಲಿ ಬೆಳೆದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಯೇಸು ಅವಳಿಗೆ ಮೊದಲು ಏನು ಕೊಟ್ಟ? ಏನನ್ನೂ ಕೊಡಲಿಲ್ಲ. ಕೇಳಿದ. ಕುಡಿಯಲು ನೀರು ಕೊಡಮ್ಮ ಎಂದ.

ಅವಳಿಗೇ ಗಾಬರಿ. ನೀನು ಆ ಜಾತಿಯವನು, ನಾನು ಈ ಜಾತಿಯವಳು, ನನ್ನನ್ನು ಹೇಗೆ ಕೇಳುತ್ತೀಯ ಎಂದು ತಿರುಗಿ ಕೇಳುತ್ತಾಳೆ. ಅವನ ಹತ್ತಿರ ಹಗ್ಗವಿಲ್ಲ, ಕೊಡವಿಲ್ಲ. ಕುಡಿಯಬೇಕಾದರೆ ಅವಳ ಕೊಡದಿಂದಲೇ ಕುಡಿಯಬೇಕು. ಆಮೇಲೆ ಜೀವಜಲದ ಮಾತುಗಳು ಬರುತ್ತವೆ, ಪ್ರಸಂಗಿಗಳು ಅವುಗಳ ಮೇಲೆ ಗಂಟೆಗಟ್ಟಲೆ ಮಾತಾಡುತ್ತಾರೆ, ನಾನೂ ಆಡಿದ್ದೇನೆ. ಆದರೆ ಆ ಅಧ್ಯಾಯದಲ್ಲಿ ನಡುವೆ ಒಂದು ಸಣ್ಣ ಸಂಗತಿ ಬಂದು ಹೋಗುತ್ತದೆ, ಯಾರೂ ಅಷ್ಟಾಗಿ ನಿಂತು ನೋಡುವುದಿಲ್ಲ. ಅವನು ಆ ಊರಿನಲ್ಲಿ ಎರಡು ದಿನ ಉಳಿದ. ಎರಡು ದಿನ ಎಂದರೆ ಊಟ ಎಷ್ಟಾಯಿತು ಲೆಕ್ಕ ಹಾಕಿ. ಯಾರ ಮನೆಯ ರೊಟ್ಟಿ ತಿಂದ, ಯಾರ ಚಾಪೆಯ ಮೇಲೆ ಮಲಗಿದ?

ಕೊಡುವುದು ದೊಡ್ಡದು ಎಂದು ನಮಗೆ ಎಲ್ಲ ಧರ್ಮದವರೂ ಕಲಿಸಿದ್ದಾರೆ. ಕೊಡುವವನ ಕೈ ಮೇಲೆ, ಇಸಕೊಳ್ಳುವವನ ಕೈ ಕೆಳಗೆ. ಪೂರ್ವಗ್ರಹ ಇಟ್ಟುಕೊಂಡೇ ಕೊಡಬಹುದು. ಮೇಲಿನಿಂದ ನೀರು ಹೊಯ್ದು ಬೊಗಸೆಯಲ್ಲಿ ಕುಡಿಸಿದವರೂ ಕೊಟ್ಟವರೇ. ಆದರೆ ಹಾಗೆ ಬೊಗಸೆಯೊಡ್ಡಿದವರ ಕೈಯಿಂದ ತಾನೇ ಇಸಕೊಂಡು ಕುಡಿಯಬೇಕಾದಾಗ ಒಳಗಿನ ಮನುಷ್ಯ ಬಯಲಿಗೆ ಬರುತ್ತಾನೆ.

ಶಿಷ್ಯರಿಗೂ ಇದು ಸುಲಭವಾಗಿ ಬರಲಿಲ್ಲ. ಪೇತ್ರ ಯೊಪ್ಪ ಊರಿನ ಮಾಳಿಗೆಯ ಮೇಲೆ ಹಸಿದು ಕೂತಾಗ ಅವನಿಗೊಂದು ದರ್ಶನವಾಗುತ್ತದೆ. ಆಕಾಶದಿಂದ ಜೋಳಿಗೆಯಂಥ ಬಟ್ಟೆ ಇಳಿಯುತ್ತದೆ, ಅದರ ತುಂಬ ಅವನ ಜಾತಿಯವರು ತಿನ್ನಬಾರದ ಪ್ರಾಣಿಗಳು. ತಿನ್ನು ಎಂಬ ದನಿ ಬರುತ್ತದೆ, ಒಲ್ಲೆ ಎನ್ನುತ್ತಾನೆ. ಮೂರು ಸಲ ಹೀಗಾಗುತ್ತದೆ. ಮರುದಿನ ರೋಮನ್ ಸೈನ್ಯದ ಅಧಿಕಾರಿ ಕೊರ್ನೇಲ್ಯನ ಮನೆಗೆ ಹೊರಡುತ್ತಾನೆ, ಹೊಸಿಲು ದಾಟುತ್ತಾನೆ. ಅಲ್ಲಿಗೆ ಮುಗಿಯಿತು, ಪೇತ್ರ ಬದಲಾದ ಎಂದುಕೊಂಡರೆ ತಪ್ಪು. ಕೆಲವು ವರ್ಷಗಳ ಮೇಲೆ ಅಂತಿಯೋಕ್ಯದಲ್ಲಿ ಇದೇ ಪೇತ್ರ ಅನ್ಯಜನರ ಸಂಗಡ ಪಂಕ್ತಿಯಲ್ಲಿ ಉಣ್ಣುತ್ತಿದ್ದವನು, ಯೆರೂಸಲೇಮಿನಿಂದ ತನ್ನ ಕಡೆಯ ಹಿರಿಯರು ಬಂದರೆಂದು ಗೊತ್ತಾದ ಕೂಡಲೇ ಮೆಲ್ಲಗೆ ಎದ್ದು ಬೇರೆ ಕೂತ. ಪೌಲ ಎಲ್ಲರೆದುರಿಗೇ ಅವನನ್ನು ತರಾಟೆಗೆ ತೆಗೆದುಕೊಂಡ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಇದು ಮುಚ್ಚುಮರೆಯಿಲ್ಲದೆ ಇದೆ. ತನ್ನ ಮೊದಲ ಹಿರಿಯನ ಸಣ್ಣತನವನ್ನು ಅಳಿಸದೆ ಎರಡು ಸಾವಿರ ವರ್ಷ ಓದಿಸಿಕೊಂಡು ಬಂದ ಗ್ರಂಥದ ಮೇಲೆ ನನಗೆ ಗೌರವ ಹುಟ್ಟಿದ್ದು ಈ ಪುಟದಿಂದ. ದರ್ಶನ ಆದವನೂ ನೆಂಟರು ಬಂದಾಗ ಪಂಕ್ತಿಯಿಂದ ಏಳುತ್ತಾನೆ. ನೆಂಟರಿಗೆ ಹೆದರಿ ಎದ್ದವರು ಈ ಸಭೆಯಲ್ಲೂ ಇರಬಹುದು.

ಈಗ ನಮ್ಮ ನಾಡಿಗೆ ಬರೋಣ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತಂದರು. ಅವರ ಸಂಗಡಿಗ ರೀವ್ ನಿಘಂಟು ಮಾಡಿದರು. ಹೊಳೆಯ ಆಚೆ 1837ರಿಂದ ಬಾಸೆಲ್ ಮಿಶನ್ನಿನವರು ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ನೆಲೆಯೂರಿದರು. ಶಾಲೆ, ಔಷಧಿ, ಅಚ್ಚುಕೂಟ ಎಲ್ಲ ನಿಮಗೆ ಗೊತ್ತಿರುವುದೇ. ಮತಾಂತರದ ಮಾತು ಎತ್ತಿದರೆ ಸಭೆ ಬಿಸಿಯಾಗುತ್ತದೆ ಎಂದು ಸಂಘಟಕರೊಬ್ಬರು ಕಿವಿಯಲ್ಲಿ ಹೇಳಿದರು. ನಾನು ಅದರ ಮರುದಿನದ ಬಗ್ಗೆ ಮಾತಾಡುತ್ತೇನೆ. ದೀಕ್ಷಾಸ್ನಾನವಾದ ಮರುದಿನ ಆ ಮನುಷ್ಯನಿಗೆ ಏನಾಗುತ್ತಿತ್ತು?

ಬಾಸೆಲ್ ಮಿಶನ್ನಿನವರು ಸಭೆಯೊಳಗೆ ಜಾತಿ ಇಟ್ಟುಕೊಳ್ಳಲು ಬಿಡಲಿಲ್ಲ. ಕರ್ತನ ಭೋಜನಕ್ಕೆ ಎಲ್ಲರೂ ಒಂದೇ ಪಾತ್ರೆಗೆ ತುಟಿ ಹಚ್ಚಬೇಕು. ನಮ್ಮ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ, ಇನ್ನೊಬ್ಬರ ಎಂಜಲು! ಹಾಗೆ ತುಟಿ ಹಚ್ಚಿದವನಿಗೆ ಮನೆ ಹೋಯಿತು, ಹೊಲ ಹೋಯಿತು, ಕಸುಬು ಹೋಯಿತು. ಅದಕ್ಕೇ ಮಿಶನ್ನಿನವರು ಮಗ್ಗ ಹಾಕಿದರು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಮಲೆನಾಡಿನ, ಕರಾವಳಿಯ ಮನೆಗಳ ಮೇಲೆ ಕೂತಿದ್ದ ಆ ಕೆಂಪು ಹೆಂಚು ಜಾತಿಯಿಂದ ಹೊರಬಿದ್ದವರ ಅನ್ನದ ದಾರಿಯಾಗಿತ್ತು. ಹಾಗೆ ಒಂದು ಗೋಡೆ ಒಡೆಯಿತು. ಒಡೆದ ಕಲ್ಲುಗಳಿಂದಲೇ ಇನ್ನೊಂದು ಗೋಡೆ ಎದ್ದಿತು, ಮಿಶನ್ ಕಂಪೌಂಡ್. ಕಂಪೌಂಡಿನೊಳಗೆ ನಾವು, ಹೊರಗೆ ಅವರು. ಊರಿನವರ ಲೆಕ್ಕದಲ್ಲಿ ಹದಿನೆಂಟು ಜಾತಿಯ ಜೊತೆಗೆ ಹತ್ತೊಂಬತ್ತನೆಯದು 'ಕಿರಿಸ್ತಾನರು.' ಒಳಗೂ ಅಷ್ಟೇ. ನನ್ನ ಅಕ್ಕನ ಮದುವೆಯ ಮಾತುಕತೆ ನಡೆದಾಗ ನಮ್ಮ ಮನೆಯ ಹಿರಿಯರು ಹುಡುಗನ ಓದು ಕೇಳಿದರು, ಕೆಲಸ ಕೇಳಿದರು, ಬೈಬಲ್ ಓದುತ್ತಾನೆಯೇ ಎಂದೂ ಕೇಳಿದರು. ಕೊನೆಗೆ ದನಿ ತಗ್ಗಿಸಿ, 'ಅವರು ಮೊದಲು ಏನಾಗಿದ್ದರು?' ಎಂದರು. ಆಗ ನಮ್ಮ ಮನೆತನ ಕ್ರೈಸ್ತರಾಗಿ ಮೂರು ತಲೆಮಾರು ಕಳೆದಿತ್ತು.

ಉತ್ತಂಗಿ ಚನ್ನಪ್ಪನವರು ಹುಟ್ಟಿದ್ದು ಅಂಥದೇ ಕಂಪೌಂಡಿನ ನೆರಳಿನಲ್ಲಿ, 1881ರಲ್ಲಿ, ಧಾರವಾಡದಲ್ಲಿ. ಹಿರಿಯರು ಲಿಂಗಾಯತ ಮನೆತನದವರು, ಹೊಳೆ ದಾಟಿ ಹೋದವರು. ತಂದೆಯ ಹೆಸರು ದಾನಿಯೇಲಪ್ಪ. ಈ ಹೆಸರನ್ನು ಒಮ್ಮೆ ಬಾಯಲ್ಲಿ ಆಡಿಸಿ ನೋಡಿ. ಬಾಬಿಲೋನಿನ ಸಿಂಹದ ಗವಿಯಲ್ಲಿದ್ದ ದಾನಿಯೇಲನಿಗೆ ನಮ್ಮವರು ಒಂದು ಅಪ್ಪ ಹಚ್ಚಿ ಪಕ್ಕಾ ಹಡಗಲಿಯವನನ್ನಾಗಿ ಮಾಡಿದ್ದಾರೆ. ಮಗನಿಗೆ ಚನ್ನಪ್ಪ ಎಂದೇ ಇಟ್ಟರು. ಮುಂದೆ ಊರಿನ ಹೆಸರು ಬಿಡಲಿಲ್ಲ. ಧರ್ಮ ಬದಲಾಯಿತು, ಪ್ರಾಂತ ಬದಲಾಯಿತು, ಉತ್ತಂಗಿ ಹೆಸರಿನ ತಲೆಯ ಮೇಲೆ ಹಾಗೇ ಕೂತಿತು.

ಅವರು ಮಂಗಳೂರಿನಲ್ಲಿ ದೇವಶಾಸ್ತ್ರ ಓದಿ ಸಭಾಪಾಲಕರಾದರು. ಸುವಾರ್ತೆ ಸಾರುವುದು ಅವರ ಉದ್ಯೋಗ, ಅಂದರೆ ಜನರಿಗೆ ಕೊಡುವುದು. ಆದರೆ ಹಳ್ಳಿ ಹಳ್ಳಿ ತಿರುಗುವಾಗ ಜನರ ಬಾಯಲ್ಲಿ ಸರ್ವಜ್ಞನ ತ್ರಿಪದಿಗಳು ಕಿವಿಗೆ ಬಿದ್ದವು. ಕೊಡಲು ಹೋದವರು ಇಸಕೊಳ್ಳತೊಡಗಿದರು. ಓಲೆಗರಿಗಳಿಂದ, ಜನರ ನಾಲಿಗೆಯಿಂದ ಒಂದೊಂದಾಗಿ ಕೂಡಿಸಿ, ಪಾಠ ಹೋಲಿಸಿ, ಸುಮಾರು ಎರಡು ಸಾವಿರ ವಚನಗಳನ್ನು 1924ರಲ್ಲಿ ಪ್ರಕಟಿಸಿದರು. ಇವತ್ತು ನಮ್ಮ ಮಕ್ಕಳ ಪಠ್ಯಪುಸ್ತಕದಲ್ಲಿ ಸರ್ವಜ್ಞ ಇರುವುದಕ್ಕೆ ಆ ಪಾದ್ರಿಯ ಸವೆದ ಚಪ್ಪಲಿಯೂ ಒಂದು ಕಾರಣ. ಶಿಲುಬೆಯ ಮನೆಯಿಂದ ಬಂದವರು ಲಿಂಗದ ಮನೆಯ ಕಣಜ ತೋಡಿದರು. ಮೋಳಿಗೆಯ ಮಾರಯ್ಯನ ವಚನಗಳನ್ನು, ಸಿದ್ಧರಾಮನ ಸಾಹಿತ್ಯವನ್ನು ಸಂಪಾದಿಸಿದರು. ಅನುಭವ ಮಂಟಪ ನಿಜವಾಗಿ ಇತ್ತೇ ಎಂದು ವಿದ್ವಾಂಸರಲ್ಲಿ ಅನುಮಾನ ಎದ್ದಾಗ, ಇತ್ತು ಎಂದು ಆಧಾರ ಕೊಟ್ಟು ಪುಸ್ತಕ ಬರೆದವರು ಈ ಸಭಾಪಾಲಕರು. ತನ್ನ ಹಿರಿಯರು ಬಿಟ್ಟುಬಂದ ಮನೆಗೆ ಸಾಕ್ಷಿ ಹೇಳಲು ಹೋಗಿ ನಿಂತ ಮೊಮ್ಮಗನ ಹಾಗೆ ಅವರು ನನಗೆ ಕಾಣುತ್ತಾರೆ.

ಹಾಗೆಂದು ಅವರು ಕ್ರಿಸ್ತನನ್ನು ಬಿಟ್ಟುಕೊಟ್ಟು ಎಲ್ಲರನ್ನೂ ಖುಷಿಪಡಿಸಿದರು ಎಂದುಕೊಳ್ಳಬೇಡಿ. 'ಎಲ್ಲ ಒಂದೇ' ಎಂದು ಹೇಳಿ ಕೈತೊಳೆದುಕೊಳ್ಳುವ ಜಾಯಮಾನ ಅವರದಲ್ಲ. ಹಿಂದೂ ಓದುಗರಿಗೆ ಕ್ರಿಸ್ತನ ವಿಷಯ ಹೇಳಲು ಅವರು ಬರೆದ ಪುಸ್ತಕವೂ ಇದೆ. ಅದರ ಹೆಸರು 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ.' ಸವಾಲು ಎನ್ನಬಹುದಿತ್ತು, ಉತ್ತರ ಎನ್ನಬಹುದಿತ್ತು. ಆ ಕಾಲದ ಮಿಶನರಿ ಕರಪತ್ರಗಳಲ್ಲಿ ಅಂಥ ಗಡಸು ದನಿಗೆ ಬರವಿರಲಿಲ್ಲ. ಇವರು ವಿನಂತಿ ಎಂದರು. ಕೇಳುವವನ ಮಾತು ಅದು, ಬಾವಿಯ ದಡದಲ್ಲಿ ಕೂತವನದು. ತಮ್ಮನ್ನು ತಾವು ಅವರು ಕರೆದುಕೊಂಡದ್ದು ತಿರುಳ್ಗನ್ನಡದ ತಿರುಕ ಎಂದು. ಪಂಡಿತ ಎಂದುಕೊಳ್ಳಲು ಎಲ್ಲ ಅರ್ಹತೆ ಇದ್ದವರು ಜೋಳಿಗೆಯ ಹೆಸರು ಇಟ್ಟುಕೊಂಡರು.

1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಿದರು. ಆ ಕಾಲ ನೆನಪಿಸಿಕೊಳ್ಳಿ. ನಿಜಾಮನ ಆಳ್ವಿಕೆ ಮುಗಿದು ವರ್ಷವೂ ಸರಿಯಾಗಿ ಕಳೆದಿರಲಿಲ್ಲ, ದೇಶ ಧರ್ಮದ ಹೆಸರಿನಲ್ಲಿ ಒಡೆದ ಗಾಯ ಹಸಿಯಾಗಿತ್ತು. ಅಂಥ ಹೊತ್ತಿನಲ್ಲಿ, ಅಂಥ ಊರಿನಲ್ಲಿ, ಪಾದ್ರಿಯೊಬ್ಬರು ಕನ್ನಡದ ಯಜಮಾನಿಕೆ ವಹಿಸಿದರು. ಮತ್ತೊಬ್ಬ ಕ್ರೈಸ್ತ ಬರಹಗಾರರು, ನಮ್ಮ ನಾ. ಡಿಸೋಜ, ಆ ಪೀಠದಲ್ಲಿ ಕೂರಲು 2014ರ ಮಡಿಕೇರಿಯವರೆಗೆ ಕಾಯಬೇಕಾಯಿತು. ಆ ಅಂತರದ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಇಸಕೊಂಡವರು ಉತ್ತಂಗಿಯವರೊಬ್ಬರೇ ಅಲ್ಲ. ಬಾಸೆಲ್ ಮಿಶನ್ನಿನ ಕಿಟೆಲ್ 1894ರ ತಮ್ಮ ನಿಘಂಟಿನಲ್ಲಿ ಹಳ್ಳಿಗರ ಗಾದೆಗಳನ್ನು ಹೊರೆಗಟ್ಟಲೆ ತುಂಬಿದರು. ಮಂಜೇಶ್ವರದ ಗೋವಿಂದ ಪೈಗಳು ಎದುರು ದಿಕ್ಕಿನಿಂದ ಬಂದರು, ಯೇಸುವಿನ ಕೊನೆಯ ದಿನವನ್ನು 'ಗೊಲ್ಗೊಥಾ' ಎಂದು ಕನ್ನಡದಲ್ಲಿ ಹಾಡಿದರು. ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ ಮಂಗಳೂರಿನ ದೇವಶಾಸ್ತ್ರ ಕಾಲೇಜಿನ ಪ್ರಾಂಶುಪಾಲರಾಗಿದ್ದವರು, 1971ರಲ್ಲಿ ಜಿನೀವಾದ ಜಾಗತಿಕ ಸಭೆಗಳ ಮಂಡಳಿಯಲ್ಲಿ ಅನ್ಯಧರ್ಮದವರೊಡನೆ ಸಂವಾದಕ್ಕೆಂದೇ ತೆರೆದ ವಿಭಾಗದ ಮೊದಲ ನಿರ್ದೇಶಕರಾದರು. ಪಡುವಣದ ದೊಡ್ಡ ದೊಡ್ಡ ದೇವಶಾಸ್ತ್ರಜ್ಞರಿಗೆ, ನೆರೆಯವನಿಗೆ ಹೇಳುವುದರ ಜೊತೆಗೆ ಅವನಿಂದ ಕೇಳಿಸಿಕೊಳ್ಳುವುದೂ ವಿಶ್ವಾಸದ ಭಾಗವೇ ಎಂದು ತಿಳಿಸಿ ಹೇಳಲು ಕರಾವಳಿಯ ಒಬ್ಬ ಕನ್ನಡಿಗ ಬೇಕಾದರು. ಅವರ ಬಗ್ಗೆಯೇ ಒಂದು ಉಪನ್ಯಾಸ ಆಗಬೇಕು, ಮುಂದಿನ ದತ್ತಿಗೆ ಯಾರಾದರೂ ಮನಸ್ಸು ಮಾಡಲಿ.

ಇಷ್ಟೆಲ್ಲ ಹೇಳಿದ ನಾನು ಎಂಥವನು ಎಂದು ನಿಮಗೆ ಗೊತ್ತಾಗಬೇಕು. 1991ರ ಜನಗಣತಿ. ನಾನು ಇದೇ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಫೆಬ್ರವರಿಯ ಬಿಸಿಲಿನಲ್ಲಿ ಫಾರಂಗಳ ಕಟ್ಟು ಹಿಡಿದು ಒಂದು ಊರಿನ ದಲಿತ ಕೇರಿಗೆ ಹೋದೆ. ಮೊದಲ ಮನೆಯ ಗೂಡಿನಲ್ಲಿ ಬೈಬಲ್ ಇತ್ತು, ರಟ್ಟು ಕಿತ್ತುಹೋದ ಹಳೆಯ ಕನ್ನಡ ಬೈಬಲ್. ಧರ್ಮದ ಕಾಲಮ್ಮಿಗೆ ಬಂದಾಗ ಮನೆಯ ಯಜಮಾನ ನನ್ನ ಮುಖ ನೋಡದೆ, 'ಹಿಂದೂ ಅಂತ ಬರಕಳ್ರಿ ಸಾರ್' ಎಂದ. ಬರೆದುಕೊಂಡೆ. 1950ರ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರು ಹಿಂದೂಗಳಾಗಿರಬೇಕು, ಆಮೇಲೆ ಸಿಖ್ಖರಿಗೂ ಬೌದ್ಧರಿಗೂ ಅವಕಾಶವಾಯಿತು, ಕ್ರೈಸ್ತರಿಗಿಲ್ಲ. ಕ್ರೈಸ್ತ ಎಂದು ಬರೆಸಿದರೆ ಮಕ್ಕಳ ಹಾಸ್ಟೆಲ್ ಸೀಟು ಹೋಗುತ್ತದೆಂಬ ಭಯ ಅವನಿಗೆ. ಊರಿನವರು ಅವನನ್ನು ಜಾತಿಯಿಂದ ಇಳಿಸಿರಲಿಲ್ಲ, ಸರ್ಕಾರದ ಕಾಗದ ಮಾತ್ರ ಇಳಿಸುತ್ತಿತ್ತು. ನಾನೂ ಅದೇ ಪುಸ್ತಕದವನು ಎಂದು ಅವನಿಗೆ ಹೇಳಬೇಕೆನ್ನಿಸಿತು, ಹೇಳಲಿಲ್ಲ.

ಪಕ್ಕದ ಮನೆಯಲ್ಲಿ ಒಬ್ಬ ನಡುವಯಸ್ಸಿನ ಹೆಂಗಸು. ಹೆಸರು, ವಯಸ್ಸು, ಮಕ್ಕಳು ಎಲ್ಲ ಬರೆಸಿದಳು. ನಾನು ಎದ್ದು ನಿಲ್ಲುವಷ್ಟರಲ್ಲಿ ಸ್ಟೀಲಿನ ಲೋಟದಲ್ಲಿ ಚಾ ತಂದು ಹಿಡಿದಳು. ಲೋಟ ಹೊಸದು, ಹೆಸರು ಕೊರೆಸಿದ್ದು ಕಾಣುತ್ತಿತ್ತು. ಬೆಳಗ್ಗಿನಿಂದ ನಾನು ಏನೂ ಕುಡಿದಿರಲಿಲ್ಲ. ಬಾಯಿಂದ ಬಂದದ್ದು ಮಾತ್ರ, 'ಈಗಷ್ಟೇ ಕುಡಿದು ಬಂದೆನಮ್ಮ.' ಯಾರೂ ಹೇಳಿಕೊಟ್ಟ ಮಾತಲ್ಲ. ನಮ್ಮ ಮನೆಯಲ್ಲಿ ನಿತ್ಯ ಪ್ರಾರ್ಥನೆ ಇತ್ತು, ಪ್ರತಿ ತಿಂಗಳೂ ಒಂದೇ ಪಾತ್ರೆಗೆ ತುಟಿ ಹಚ್ಚುತ್ತಿದ್ದೆ. ಆ ಸುಳ್ಳು ಅದಕ್ಕಿಂತ ಹಳೆಯ ಯಾವುದೋ ಜಾಗದಿಂದ ಬಂತು. ಅವಳು ಒತ್ತಾಯ ಮಾಡಲಿಲ್ಲ, ಲೋಟವನ್ನು ಮೆಲ್ಲಗೆ ಕಟ್ಟೆಯ ಮೇಲೆ ಇಟ್ಟಳು. ಮುಂದಿನ ಭಾನುವಾರ ಚರ್ಚಿನಲ್ಲಿ ಸಮಾರ್ಯದ ಹೆಂಗಸಿನ ಪಾಠ ಓದುವ ಸರದಿ ನನ್ನದಿತ್ತೆಂದರೆ ನೀವು ನಂಬಲಿಕ್ಕಿಲ್ಲ. ಅದು ನಿಜವೂ ಅಲ್ಲ. ಓದಿದ್ದು ಬೇರೆ ಯಾವುದೋ ಪಾಠ, ಈಗ ನೆನಪಿಲ್ಲ. ನೆನಪಿರುವುದು ಲೋಟ ಮಾತ್ರ.

ಆ ಮನೆಯ ಹುಡುಗ ಆಮೇಲೆ ನನ್ನ ಶಾಲೆಗೇ ಬಂದ, ಓದಿದ, ಮೇಷ್ಟ್ರಾದ. ನಾನು ನಿವೃತ್ತನಾದ ಮೇಲೆ ಹೊಸ ಮನೆಯ ಪ್ರವೇಶಕ್ಕೆ ಕರೆದ. ಹೋದೆ. ತಾಯಿಗೆ ಮಂಜು ಕಣ್ಣು, ಗೋಡೆ ಹಿಡಿದು ಓಡಾಡುತ್ತಿದ್ದಳು. ಮಗ ಪರಿಚಯ ಹೇಳುವ ಮೊದಲೇ ದನಿಯಿಂದ ನನ್ನನ್ನು ಗುರುತು ಹಿಡಿದಳು. ಸೊಸೆ ತಂದ ಚಾದ ಲೋಟವನ್ನು ತಾನೇ ಇಸಕೊಂಡು ನನ್ನ ಕಡೆ ಹಿಡಿದು, ನಗುತ್ತಾ ಕೇಳಿದಳು:

'ಇವತ್ತೂ ಕುಡುದೇ ಬಂದೀರೇನ್ರಿ ಸಾರ್?'

ಕುಡಿದೆ. ಸಕ್ಕರೆ ಸ್ವಲ್ಪ ಜಾಸ್ತಿಯಾಗಿತ್ತು.